64 ಟೇಪು, 110 ಕ್ಯಾಸೆಟ್ಟು: ಒಂದು ಯಕ್ಷಗಾನ ಸಂಗ್ರಹಕ್ಕೆ ಹಾರ್ಡ್ ಡಿಸ್ಕ್ ಆರಿಸಿದ ಪ್ರಕರಣ

2023ರ ಪತ್ತನಾಜೆ (ಕರಾವಳಿಯಲ್ಲಿ ಯಕ್ಷಗಾನದ ಋತು ಮುಗಿಯುವ ದಿನ) ಕಳೆದು, ಮೇಳಗಳೆಲ್ಲ ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ವಾರದಲ್ಲಿ ನನ್ನ ಸೋದರಮಾವ ಫೋನ್ ಮಾಡಿದರು. "ಲ್ಯಾಪ್‌ಟಾಪು ತುಂಬಿತು ಮಾಣಿ. ಹೊರಗಿನಿಂದ ಸಿಕ್ಕಿಸುವ ಹಾರ್ಡ್ ಡಿಸ್ಕ್ ಒಂದು ಬೇಕು. ಯಾವುದು ಒಳ್ಳೆಯದು?" ಒಂದು ಸಾಲಿನ ಪ್ರಶ್ನೆ. ಅದಕ್ಕೆ ಉತ್ತರ ಕಂಡುಕೊಳ್ಳಲು ನಮಗಿಬ್ಬರಿಗೂ ಮೂರು ವಾರ ಹಿಡಿಯಿತು. ಅಂಗಡಿಗೆ ಹೋದದ್ದು ಆ ಮೂರು ವಾರದ ಕೊನೆಯ ಎರಡು ದಿನ ಮಾತ್ರ.

ಮಾವ ಕುಂದಾಪುರದ ಕಡೆಯ ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದು 2022ರಲ್ಲಿ ನಿವೃತ್ತರಾದವರು. ಹರೆಯದಿಂದಲೂ ಯಕ್ಷಗಾನದ ಆಟ, ವೇಷವಿಲ್ಲದೆ ಕೂತು ಮಾತಾಡುವ ತಾಳಮದ್ದಲೆಯ ಕೂಟ ಎಂದರೆ ಪ್ರಾಣ. ಮೊದಲು ಪದ ಹಾಡುವ ಭಾಗವತರ ಎದುರು ಟೇಪ್ ರೆಕಾರ್ಡರ್ ಇಟ್ಟು ಕೂರುತ್ತಿದ್ದರು. 2004ರಲ್ಲಿ ಸಾಲ ಮಾಡಿ ಮಿನಿ ಡಿವಿ ಟೇಪಿನ ಹ್ಯಾಂಡಿಕ್ಯಾಮ್ ಕೊಂಡರು. ಆಮೇಲೆ ಮೆಮೊರಿ ಕಾರ್ಡಿನ ಫುಲ್ ಎಚ್‌ಡಿ ಕ್ಯಾಮೆರಾ ಬಂತು. ಇದನ್ನೆಲ್ಲ ಯಾಕೆ ಕೂಡಿಡುತ್ತೀರಿ ಎಂದು ಕೇಳಿದವರಿಗೆ ಅವರು ಭಾಗವತ ಕಾಳಿಂಗ ನಾವಡರ ಹೆಸರು ಹೇಳುತ್ತಾರೆ. ಗುಂಡ್ಮಿಯ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ವಯಸ್ಸು ಮೂವತ್ತರ ಆಸುಪಾಸು. ಅವರ ಪದ ಕೇಳದೆ ಬೆಳೆದ ಮನೆ ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿಯ) ಸೀಮೆಯಲ್ಲಿ ಇಲ್ಲ, ಮತ್ತು ಹಾಗೆ ಬೆಳೆದವರಲ್ಲಿ ಬಹಳಷ್ಟು ಮಂದಿ ಅವರನ್ನು ಕೇಳಿದ್ದು ಕ್ಯಾಸೆಟ್ಟಿನಲ್ಲೇ. ಅಂದು ರೆಕಾರ್ಡರ್ ಒತ್ತಿದವರು ಇರದಿದ್ದರೆ ಆ ಕಂಠ ಇವತ್ತು ಹೇಳಿಕೆಯಾಗಿ ಮಾತ್ರ ಉಳಿಯುತ್ತಿತ್ತು.

ಹಾಗಾಗಿ ಇದು ಸಾಮಾನ್ಯ ಖರೀದಿಯಾಗಿರಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇತ್ತು.

2019ರ ನಷ್ಟ

ಮಾವನ ಹತ್ತಿರ ಮೊದಲು 1 ಟಿಬಿಯ ಪೋರ್ಟಬಲ್ ಡ್ರೈವ್ ಒಂದಿತ್ತು. 22 ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ ಅದರಲ್ಲಿ ಇಟ್ಟಿದ್ದರು. 2019ರ ಜುಲೈಯಲ್ಲಿ, ಫೈಲ್ ಕಾಪಿ ಆಗುತ್ತಿದ್ದಾಗ, ಕೇಬಲ್ಲಿಗೆ ಕಾಲು ತಾಗಿ ಡ್ರೈವ್ ಮೇಜಿನಿಂದ ಸಿಮೆಂಟ್ ನೆಲಕ್ಕೆ ಬಿತ್ತು. ಮರಳಿ ಸಿಕ್ಕಿಸಿದಾಗ ಟಕ್ ಟಕ್ ಎನ್ನುವ ಶಬ್ದ ಬಿಟ್ಟರೆ ಬೇರೇನೂ ಇಲ್ಲ.

ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಬರೆಯುವ-ಓದುವ ಹೆಡ್ಡು ತಟ್ಟೆಯನ್ನು ಮುಟ್ಟುವುದಿಲ್ಲ. ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ತಟ್ಟೆಯ ವೇಗಕ್ಕೆ ಹುಟ್ಟುವ ಗಾಳಿಯ ಪದರದ ಮೇಲೆ ತೇಲುತ್ತದೆ. ಆಫ್ ಆಗಿರುವಾಗ ಅದು ತಟ್ಟೆಯಿಂದ ಹೊರಗೆ, ತನ್ನ ಜಾಗದಲ್ಲಿ ಕೂತಿರುತ್ತದೆ. ಅದಕ್ಕೇ ಆಫ್ ಆದ ಡ್ರೈವ್ ಬಸ್ಸಿನ ಕುಲುಕಾಟವನ್ನು ತಡೆದುಕೊಳ್ಳುತ್ತದೆ, ಓಡುತ್ತಿರುವ ಡ್ರೈವ್ ಎರಡೂವರೆ ಅಡಿಯಿಂದ ಬಿದ್ದರೂ ಹಾಳಾಗಿ ಹೋಗಬಹುದು. ಬೆಂಗಳೂರಿನ ಡೇಟಾ ರಿಕವರಿ ಕೇಂದ್ರವೊಂದಕ್ಕೆ ನಾನೇ ಕೊಂಡುಹೋದೆ. ಬಿಚ್ಚಿ ನೋಡಿ, ತಟ್ಟೆಯ ಮೇಲೆ ಗೆರೆ ಬಿದ್ದಿದೆ, ಏನೂ ಮಾಡಲಾಗದು ಎಂದರು.

22ರಲ್ಲಿ 19 ಟೇಪುಗಳು ಹೇಗೂ ಕಪಾಟಿನಲ್ಲಿದ್ದವು, ಇನ್ನೊಮ್ಮೆ ಇಳಿಸಬಹುದಿತ್ತು. ಉಳಿದ ಮೂರರ ಮೇಲೆ, ಡಿಸ್ಕಿನಲ್ಲಿ ಹೇಗೂ ಇದೆಯಲ್ಲ ಎಂದು, ಮಾವ ಬೇರೆ ಆಟ ರೆಕಾರ್ಡ್ ಮಾಡಿಬಿಟ್ಟಿದ್ದರು. ಆ ಮೂರರಲ್ಲಿ ಒಂದು ಅವರ ಊರಿನ ಅರ್ಥಧಾರಿಯೊಬ್ಬರ (ಕೂಟದಲ್ಲಿ ಪಾತ್ರವಾಗಿ ಮಾತಾಡುವವರು) ಕೂಟ. ಆ ಹಿರಿಯರು ಆಗಲೇ ತೀರಿಕೊಂಡಿದ್ದರು. ಮಾವ ನಾಲ್ಕು ವರ್ಷ ಈ ವಿಷಯ ಎತ್ತಲಿಲ್ಲ. ಆದರೆ ಅಂದಿನಿಂದ ಕ್ಯಾಮೆರಾದ ಮೆಮೊರಿ ಕಾರ್ಡ್ ಅಳಿಸುವುದನ್ನೇ ನಿಲ್ಲಿಸಿದರು. ಕಾರ್ಡ್ ತುಂಬಿದರೆ ಹೊಸದು ಕೊಳ್ಳುವುದು, ಹಳೆಯದನ್ನು ಅತ್ತೆಯ ಬಳೆ ಡಬ್ಬಿಯಲ್ಲಿ ಇಡುವುದು.

ಮೊದಲು ಲೆಕ್ಕ

ಎಷ್ಟು ಟಿಬಿ ಬೇಕು ಎಂಬುದನ್ನು ಅಂಗಡಿಯವನು ಹೇಳಲಾರ. ನಾನು ಊರಿಗೆ ಹೋದ ಭಾನುವಾರ ಮಾವ ತಮ್ಮ ಉದ್ದ ನೋಟ್‌ಬುಕ್ ತೆಗೆದರು. ಪ್ರತಿ ಟೇಪಿಗೂ ನಂಬರು, ಪ್ರಸಂಗ, ಮೇಳ, ಊರು, ತಾರೀಕು ಬರೆದದ್ದು. ಇಬ್ಬರೂ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದೆವು.

ಮಿನಿ ಡಿವಿ ಟೇಪು 64, ಒಂದೊಂದೂ ಒಂದು ಗಂಟೆಯದು. ಡಿವಿ ವಿಡಿಯೋವನ್ನು ಕುಗ್ಗಿಸದೆ ಇದ್ದ ಹಾಗೆ ಇಳಿಸಿದರೆ ಗಂಟೆಗೆ ಸುಮಾರು 13 ಜಿಬಿ. ಒಟ್ಟು 832 ಜಿಬಿ. ಕಾರ್ಡುಗಳಲ್ಲೂ ಲ್ಯಾಪ್‌ಟಾಪಿನಲ್ಲೂ ಇದ್ದ ಎಚ್‌ಡಿ ರೆಕಾರ್ಡಿಂಗ್ ಎಲ್ಲ ಸೇರಿ 70 ಗಂಟೆ. ಸೆಕೆಂಡಿಗೆ 24 ಮೆಗಾಬಿಟ್ ಎಂದರೆ ಗಂಟೆಗೆ 10.8 ಜಿಬಿ, ಒಟ್ಟು 756. ಕ್ಯಾಸೆಟ್ಟು 110, ಸುಮಾರು 120 ಗಂಟೆ. ಒಳ್ಳೆಯ ಗುಣಮಟ್ಟದ ವೇವ್ ಫೈಲ್ ಮಾಡಿದರೆ ಗಂಟೆಗೆ 1 ಜಿಬಿಗಿಂತ ತುಸು ಹೆಚ್ಚು, 125 ಎಂದು ಹಿಡಿದೆವು. ಮನೆಯ ಫೋಟೋ, ಕಾಗದಪತ್ರ 60. ಎಲ್ಲ ಕೂಡಿದರೆ 1,773 ಜಿಬಿ.

"ಹಾಗಾದರೆ 2 ಟಿಬಿ ಸಾಕು" ಎಂದರು ಮಾವ. ಇವತ್ತಿಗೆ ಸಾಕು. ಆದರೆ ನಿವೃತ್ತಿಯ ನಂತರದ ಮೊದಲ ತಿರುಗಾಟದಲ್ಲೇ ಅವರು ಕಾಲಮಿತಿಯ ಹತ್ತು ಆಟ ರೆಕಾರ್ಡ್ ಮಾಡಿದ್ದರು, ತಲಾ ನಾಲ್ಕು ಗಂಟೆ. ಅಂದರೆ ವರ್ಷಕ್ಕೆ 432 ಜಿಬಿ ಹೊಸದು ಸೇರುತ್ತದೆ. 2 ಟಿಬಿ ಡ್ರೈವ್ ಮುಂದಿನ ತಿರುಗಾಟದ ನಡುವೆಯೇ ತುಂಬಿಹೋಗುತ್ತಿತ್ತು. 4 ಟಿಬಿ ಆದರೆ ಐದು ತಿರುಗಾಟಕ್ಕೆ ಬರುತ್ತದೆ. (ಡಬ್ಬಿಯ ಮೇಲೆ 4 ಟಿಬಿ ಎಂದಿದ್ದರೂ ವಿಂಡೋಸ್ ತೋರಿಸುವುದು 3.63. ಇದು ಮೋಸವಲ್ಲ, ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.)

ಲೆಕ್ಕದ ಜೊತೆ ಇನ್ನೊಂದು ವಿಷಯವೂ ಹೊರಬಂತು, ಅದೇ ಮುಂದಿನ ತೀರ್ಮಾನಗಳಿಗೆಲ್ಲ ತಳಹದಿಯಾಯಿತು. ಈ ಫೈಲುಗಳು ದೊಡ್ಡವು, ಒಮ್ಮೆ ಬರೆದರೆ ಮತ್ತೆ ತಿದ್ದುವವಲ್ಲ, ವರ್ಷಕ್ಕೊಮ್ಮೆ ತೆರೆದರೆ ಹೆಚ್ಚು. ದಿನವೂ ವಿಡಿಯೋ ಎಡಿಟ್ ಮಾಡುವವರ ಅಗತ್ಯವೇ ಬೇರೆ, ಭತ್ತದ ಕಣಜದಂತೆ ತುಂಬಿಡುವ ಮಾವನ ಅಗತ್ಯವೇ ಬೇರೆ.

ವೇಗ ಯಾರಿಗೆ ಬೇಕು?

ಅಂಗಡಿಯಲ್ಲಿ ಮೊದಲು ಮುಂದಿಟ್ಟದ್ದು ಎಸ್‌ಎಸ್‌ಡಿ, ಅಂದರೆ ತಟ್ಟೆಯ ಬದಲು ಚಿಪ್ಪುಗಳಲ್ಲಿ ಮಾಹಿತಿ ಹಿಡಿದಿಡುವ ಡ್ರೈವ್. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣದು, ತಿರುಗುವ ಭಾಗವಿಲ್ಲ, ಬಿದ್ದರೆ ಭಯ ಕಡಿಮೆ, ಸೆಕೆಂಡಿಗೆ 1,000 ಎಂಬಿ ವೇಗ. 2019 ಕಂಡ ಮಾವನಿಗೆ "ಬಿದ್ದರೂ ಏನೂ ಆಗುವುದಿಲ್ಲ" ಎಂಬ ಮಾತು ನೇರ ಎದೆಗೆ ಹೊಕ್ಕಿತು. ಆದರೆ ಆಗ 1 ಟಿಬಿಗೆ ಎಂಟು ಸಾವಿರದ ಹತ್ತಿರ ಇತ್ತು, 4 ಟಿಬಿಯದು 25 ಸಾವಿರ ದಾಟುತ್ತಿತ್ತು. ಅದೇ 4 ಟಿಬಿಯ ತಿರುಗುವ ಡ್ರೈವ್ ಹತ್ತು ಸಾವಿರದ ಒಳಗೆ ಸಿಗುತ್ತಿತ್ತು. "ಇದೆಂತದು ಮಾರಾಯಾ, ಡಬ್ಬಿ ಸಣ್ಣದಾದಷ್ಟೂ ರೇಟು ಜಾಸ್ತಿ?" ಎಂದರು ಮಾವ. ನಮ್ಮ ಕೈಯಲ್ಲಿದ್ದದ್ದು 20 ಸಾವಿರ.

ಎಸ್‌ಎಸ್‌ಡಿಯ ಪರವಾಗಿ ನಾನು ಪ್ರಾಮಾಣಿಕವಾಗಿ ಯೋಚಿಸಿ ನೋಡಿದೆ. ಸೆಕೆಂಡಿಗೆ 1,000 ಎಂಬಿ ಬರಬೇಕಾದರೆ 10 ಗಿಗಾಬಿಟ್‌ನ ಯುಎಸ್‌ಬಿ ಪೋರ್ಟ್ ಬೇಕು. ಮಾವನ ಲ್ಯಾಪ್‌ಟಾಪಿನಲ್ಲಿ ಇರುವುದು 5 ಗಿಗಾಬಿಟ್‌ನದೊಂದು, ಒಳಗೆ ನೀಲಿ ಬಣ್ಣದ್ದು. ಇನ್ನೊಂದು ಹಳೆಯ ಯುಎಸ್‌ಬಿ 2.0. ಅಲ್ಲಿಗೆ ಅರ್ಧಕ್ಕರ್ಧ ವೇಗ ಹೋಯಿತು. ಇನ್ನು, ಬರೆಯಬೇಕಾದ ಮಾಲು ಎಲ್ಲಿಂದ ಬರುತ್ತದೆ? ಡಿವಿ ಟೇಪನ್ನು ಓಡಿಸಿಯೇ ಇಳಿಸಬೇಕು, ಒಂದು ಗಂಟೆಯ ಟೇಪಿಗೆ ಒಂದು ಗಂಟೆ. ಅದರಿಂದ ಸೆಕೆಂಡಿಗೆ ಹರಿದುಬರುವುದು 3.6 ಎಂಬಿ. ಆ ಹರಿವಿಗೆ 100 ಎಂಬಿಯ ಡ್ರೈವ್ ಹಿಡಿದರೂ 1,000 ಎಂಬಿಯದು ಹಿಡಿದರೂ ಬರುವುದು ಅಷ್ಟೇ. ಸಣ್ಣ ತೋಡಿನ ನೀರಿಗೆ ಅಣೆಕಟ್ಟಿನ ಬಾಗಿಲು ಇಟ್ಟ ಹಾಗೆ. ಕ್ಯಾಸೆಟ್ಟಿನ ಕಥೆಯೂ ಅದೇ.

ಇದಕ್ಕಿಂತ ದೊಡ್ಡ ತೊಡಕು, ಎಸ್‌ಎಸ್‌ಡಿ ಮಾಹಿತಿಯನ್ನು ಹಿಡಿದಿಡುವುದು ವಿದ್ಯುದಂಶದ ರೂಪದಲ್ಲಿ. ಕರೆಂಟ್ ಕಾಣದೆ ಬಹಳ ಕಾಲ ಬಿದ್ದಿದ್ದರೆ, ಅದೂ ಸೆಕೆಯಲ್ಲಿ, ಆ ಅಂಶ ಮೆಲ್ಲಗೆ ಸೋರುತ್ತದೆ. ದಿನಬಳಕೆಯಲ್ಲಿ ಇದೊಂದು ಸಮಸ್ಯೆಯೇ ಅಲ್ಲ. ಕಪಾಟಿನಲ್ಲಿ ವರ್ಷಗಟ್ಟಲೆ ಇಡುವ ವಸ್ತುವಾಗಿ ನಾನು ಅದನ್ನು ಆರಿಸಲಾರೆ.

ಬೇರೆ ದಾರಿಗಳು ಬೇಗ ಮುಚ್ಚಿಕೊಂಡವು. ಮೇಜಿನ ಮೇಲಿಡುವ 3.5 ಇಂಚಿನ ಡ್ರೈವ್ ಟಿಬಿ ಲೆಕ್ಕದಲ್ಲಿ ಅಗ್ಗ, ಆದರೆ ಅದಕ್ಕೆ ಬೇರೆ ಪವರ್ ಅಡಾಪ್ಟರ್ ಬೇಕು. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿಯಿಂದಲೇ ಓಡುವ 2.5 ಇಂಚಿನದೇ ವಾಸಿ. ಕ್ಲೌಡ್? ಅಲ್ಲಿಯ ಇಂಟರ್‌ನೆಟ್ಟಿನಲ್ಲಿ ಮೇಲಕ್ಕೆ ಸೆಕೆಂಡಿಗೆ 10 ಮೆಗಾಬಿಟ್ ಹೋದರೂ 1.8 ಟಿಬಿ ಏರಿಸಲು ಒಂದು ಕ್ಷಣವೂ ನಿಲ್ಲದೆ ಹದಿನಾರು ದಿನ ಬೇಕು.

ಇದೇ ಹೊತ್ತಿಗೆ ಮಾವನ ಗೆಳೆಯರೊಬ್ಬರು ಮೊಬೈಲಿಗೆ ಒಂದು ಲಿಂಕ್ ಕಳಿಸಿದರು: 16 ಟಿಬಿಯ ಪೋರ್ಟಬಲ್ ಎಸ್‌ಎಸ್‌ಡಿ, ಬೆಲೆ ಎರಡು ಸಾವಿರದ ಒಳಗೆ. ಇಂಥವನ್ನು ಯಾರೂ ಮುಟ್ಟಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಒಳಗಿರುವುದು ಸಣ್ಣ ಮೆಮೊರಿ ಕಾರ್ಡ್. ಅದರ ಕಂಟ್ರೋಲರ್ ಕಂಪ್ಯೂಟರಿಗೆ 16 ಟಿಬಿ ಎಂದು ಸುಳ್ಳು ಹೇಳುತ್ತದೆ. ಮೊದಲ ಕೆಲವು ಫೈಲುಗಳು ಸರಿಯಾಗಿ ಕೂರುತ್ತವೆ. ನಿಜವಾದ ಜಾಗ ಮುಗಿದ ಮೇಲೆ ಹೆಸರು ಕಾಣಿಸುತ್ತದೆ, ಒಳಗೆ ಏನೂ ಇರುವುದಿಲ್ಲ. ಮಾವನಂಥವರು ಅದನ್ನು ಕಂಡುಹಿಡಿಯುವ ಹೊತ್ತಿಗೆ ಟೇಪು ಅಳಿಸಿ ವರ್ಷ ಕಳೆದಿರುತ್ತದೆ.

ಹಂಚಿನ ಮಾಡು

ತಿರುಗುವ 4 ಟಿಬಿ ಎಂದು ತೀರ್ಮಾನವಾದ ಮೇಲೂ ಒಂದು ಅನುಮಾನ ಉಳಿದಿತ್ತು. ಈ ಗಾತ್ರದ 2.5 ಇಂಚಿನ ಡ್ರೈವ್‌ಗಳು ಬಹುಪಾಲು ಎಸ್‌ಎಂಆರ್ ಎಂಬ ವಿಧಾನದಲ್ಲಿ ಬರೆಯುತ್ತವೆ. ತಿಳಿದವರು ಇದನ್ನು ಹೀಗಳೆಯುವುದು ಕೇಳಿದ್ದೆ. ಮಾವನಿಗೆ ವಿವರಿಸಲು ಕತ್ತೆತ್ತಿ ಮಾಡು ತೋರಿಸಿದೆ. ಮಂಗಳೂರು ಹಂಚು ಒಂದರ ಮೇಲೊಂದು ತುಸು ಹೊದ್ದುಕೊಂಡು ಕೂರುವ ಹಾಗೆ, ಈ ಡ್ರೈವಿನಲ್ಲಿ ಬರಹದ ಗೆರೆಗಳು ಒಂದರ ಅಂಚಿನ ಮೇಲೆ ಇನ್ನೊಂದು ಕೂರುತ್ತವೆ. ಅದರಿಂದ ಅಷ್ಟೇ ತಟ್ಟೆಯಲ್ಲಿ ಹೆಚ್ಚು ಹಿಡಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಸಾಲಾಗಿ ಹೊದಿಸಿಕೊಂಡು ಹೋದರೆ ಕೆಲಸ ಸರಾಗ. ನಡುವಿನ ಒಂದು ಹಂಚು ಬದಲಿಸಬೇಕೆಂದರೆ ಅದರ ಮೇಲೆ ಹೊದ್ದಿರುವವನ್ನೆಲ್ಲ ಎತ್ತಿ ಮತ್ತೆ ಇಡಬೇಕು. ಆಗ ಡ್ರೈವ್ ತೀರಾ ನಿಧಾನವಾಗುತ್ತದೆ.

ಸಣ್ಣ ಸಣ್ಣ ಫೈಲುಗಳನ್ನು ದಿನವೂ ತಿದ್ದುವವರಿಗೆ, ಡ್ರೈವಿನಿಂದಲೇ ಸಾಫ್ಟ್‌ವೇರ್ ಓಡಿಸುವವರಿಗೆ ಇದು ಹಿಂಸೆ. ಒಮ್ಮೆ ಹೊದಿಸಿ ಬಿಡುವ ಮಾವನ ಸಂಗ್ರಹಕ್ಕೆ ಇದರಿಂದ ಬಾಧೆ ಇಲ್ಲ. ಹೀಗಳೆದವರ ಮಾತು ಸುಳ್ಳಲ್ಲ, ನಮ್ಮ ಕೆಲಸಕ್ಕೆ ಅನ್ವಯಿಸುವುದಿಲ್ಲ ಅಷ್ಟೇ.

ಯಾವ ಕಂಪನಿ ಎಂಬ ಪ್ರಶ್ನೆಗೆ ನಾನು ಹೆಚ್ಚು ಹೊತ್ತು ಕೊಡಲಿಲ್ಲ. ಡಬ್ಬಿಯ ಮೇಲೆ ಯಾವ ಹೆಸರಿದ್ದರೂ ತಿರುಗುವ ಡಿಸ್ಕ್ ತಯಾರಿಸುವವರು ಇವತ್ತು ಜಗತ್ತಿನಲ್ಲಿ ಮೂವರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಮೂವರ ಡ್ರೈವೂ ಒಂದಲ್ಲ ಒಂದು ದಿನ ನಿಲ್ಲುತ್ತದೆ. ಮೂರು ವರ್ಷದ ವಾರಂಟಿ ಇದ್ದರೂ ಅದು ಡಬ್ಬಿಗೆ. ಒಳಗಿದ್ದ ಆಟಕ್ಕೆ ಯಾರೂ ವಾರಂಟಿ ಕೊಡುವುದಿಲ್ಲ. ಹಾಗಾಗಿ 20 ಸಾವಿರಕ್ಕೆ ಬರುವ ಅತ್ಯುತ್ತಮವಾದ ಒಂದನ್ನು ಹುಡುಕುವ ಬದಲು ಸಾಧಾರಣವಾದ ಎರಡನ್ನು ಕೊಂಡೆವು. ಎರಡು ಬೇರೆ ಕಂಪನಿಯವು, ಎರಡು ಬೇರೆ ಅಂಗಡಿಯಿಂದ. ಒಂದೇ ಕಂಪನಿಯ ಒಂದೇ ದಿನ ತಯಾರಾದ ಜೋಡಿಯಲ್ಲಿ ದೋಷವಿದ್ದರೆ ಎರಡರಲ್ಲೂ ಇರಬಹುದು ಎಂಬುದು ಇದರ ಹಿಂದಿನ ಯೋಚನೆ.

ಮನೆಗೆ ತಂದ ಮೇಲೆ

ಮೊದಲ ಕೆಲಸ ಡ್ರೈವ್‌ಗಳಿಗೆ ಪರೀಕ್ಷೆ. ಎಚ್‌2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಫ್ಟ್‌ವೇರ್ ಡ್ರೈವಿನ ಉದ್ದಕ್ಕೂ ಬರೆದು ಮತ್ತೆ ಓದಿ ತಾಳೆ ನೋಡುತ್ತದೆ. ಹೊತ್ತು ಹಿಡಿಯುತ್ತದೆ, ಆದರೆ ಹಾಳಾಗುವ ಡ್ರೈವ್ ವಾರದೊಳಗೇ ಹಾಳಾದರೆ ಅಂಗಡಿಗೆ ಮರಳಿಸಬಹುದು. ಆಮೇಲೆ ಡ್ರೈವಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ತೆರೆದು ಎರಡು ಸಾಲು ಮಾವನಿಗೆ ತೋರಿಸಿದೆ: 05 ಮತ್ತು ಸಿ5. ಡ್ರೈವ್ ಕೈಬಿಟ್ಟ ಜಾಗಗಳ ಲೆಕ್ಕ ಮೊದಲನೆಯದು, ಓದಲು ಕಷ್ಟಪಡುತ್ತಿರುವ ಜಾಗಗಳ ಲೆಕ್ಕ ಎರಡನೆಯದು. ಇವು ಸೊನ್ನೆ ಬಿಟ್ಟು ಮೇಲೇರಿದ ದಿನ ನನಗೆ ಫೋನ್ ಮಾಡಬೇಕು. ಮೇಷ್ಟ್ರು ತಾನೇ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಿಂಗಳಿಗೊಂದು ಸಾಲು ಎಳೆದರು.

ಫಾರ್ಮ್ಯಾಟ್ (ಡ್ರೈವಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮ) ಯಾವುದು ಎಂಬುದರಲ್ಲಿ ನಾನು ತಡವರಿಸಿದೆ. ಎಫ್‌ಎಟಿ32 ಆಗದು, ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ನಮ್ಮ ಒಂದು ಟೇಪೇ 13. ಎಕ್ಸ್‌ಫ್ಯಾಟ್ ಆದರೆ ಮಾವನ ವಿಂಡೋಸಿನಲ್ಲೂ ನನ್ನ ಮ್ಯಾಕಿನಲ್ಲೂ ಓದಲು, ಬರೆಯಲು ಬರುತ್ತದೆ. ಎನ್‌ಟಿಎಫ್‌ಎಸ್ ಅನ್ನು ಮ್ಯಾಕ್ ಓದುತ್ತದೆ, ತಾನಾಗಿ ಬರೆಯಲಾರದು. ಆದರೆ ಬರೆಯುವ ನಡುವೆ ಕೇಬಲ್ ಕಳಚಿದರೆ ಎನ್‌ಟಿಎಫ್‌ಎಸ್ ಮಾಡುತ್ತಿದ್ದ ಬದಲಾವಣೆ ಬರೆದಿಟ್ಟ ತನ್ನ ದಿನಚರಿ ನೋಡಿಕೊಂಡು ಚೇತರಿಸಿಕೊಳ್ಳುತ್ತದೆ, ಎಕ್ಸ್‌ಫ್ಯಾಟಿಗೆ ಆ ಅನುಕೂಲವಿಲ್ಲ. ಬರೆಯುವವರು ಮಾವ, ನಾನು ಓದಿದರೆ ಸಾಕು. ಎನ್‌ಟಿಎಫ್‌ಎಸ್ ಮಾಡಿದೆವು. ಜೊತೆಗೆ ಬಂದ ಪಾಸ್‌ವರ್ಡ್ ಸಾಫ್ಟ್‌ವೇರ್ ಹಾಕಲಿಲ್ಲ. ಬ್ಯಾಂಕಿನ ಕಾಗದ ಇಡುವವರು ಖಂಡಿತ ಹಾಕಲಿ. ಊರ ದೇವಸ್ಥಾನದ ಎದುರು ನೂರಾರು ಜನ ನೋಡಿದ ಆಟಕ್ಕೆ ಬೀಗ ಯಾಕೆ? ಮರೆತುಹೋದ ಪಾಸ್‌ವರ್ಡ್ ಒಡೆದ ತಟ್ಟೆಗಿಂತ ಕಡಿಮೆ ಕ್ರೂರವೇನಲ್ಲ.

ಟೇಪು ಇಳಿಸುವ ಕೆಲಸ ಆ ಮಳೆಗಾಲವಿಡೀ ನಡೆಯಿತು. ಡಿವಿ ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸುವ ಫೈರ್‌ವೈರ್ ಪೋರ್ಟ್ ಈಗಿನ ಲ್ಯಾಪ್‌ಟಾಪುಗಳಲ್ಲಿ ಇಲ್ಲ. ಪೇಟೆಯ ಸ್ಟುಡಿಯೋ ಒಂದರಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಡೆಸ್ಕ್‌ಟಾಪಿನಲ್ಲಿ ಅದಿತ್ತು, ಎರವಲು ತಂದೆವು. ಅದರ ಮುಂದಿನ ಯುಎಸ್‌ಬಿಗೆ ಸಿಕ್ಕಿಸಿದರೆ ಡ್ರೈವ್ ತಿರುಗಲೇ ಇಲ್ಲ. ಹಿಂದಿನ ಪೋರ್ಟಿಗೆ, ಅಂದರೆ ನೇರ ಮದರ್‌ಬೋರ್ಡಿಗೆ ಸಿಕ್ಕಿಸಿದಾಗ ಸರಿಹೋಯಿತು. ಪವರ್ ಸಾಲದಿದ್ದರೆ ಹೊಸ ಡ್ರೈವೂ ಸತ್ತಂತೆ ಕಾಣುತ್ತದೆ, ಗಾಬರಿಯಾಗಬಾರದು. ಎರಡು ಟೇಪಿಗೆ ಬೂಷ್ಟು ಹಿಡಿದಿತ್ತು, ಬಿಟ್ಟು ಬಿಟ್ಟು ಬಂದವು.

ಎಲ್ಲ ಇಳಿದ ಮೇಲೆ ಮೊದಲ ಡ್ರೈವಿನಿಂದ ಎರಡನೆಯದಕ್ಕೆ ನಕಲು. ಯುಎಸ್‌ಬಿ 2.0ದಲ್ಲಾದರೆ ಹದಿನಾಲ್ಕು ಗಂಟೆ. ನೀಲಿ ಪೋರ್ಟ್ ಒಂದೇ ಇದ್ದದ್ದರಿಂದ ನನ್ನ ಮ್ಯಾಕಿನ ಬದಲು ವಿಂಡೋಸ್ ಇರುವ ಆಫೀಸಿನ ಲ್ಯಾಪ್‌ಟಾಪ್ ತಂದು ಎರಡನ್ನೂ ವೇಗದ ಪೋರ್ಟಿಗೇ ಹಾಕಿದೆ. ತಾಳೆ ನೋಡುವುದೂ ಸೇರಿ ಒಂದು ಹಗಲು, ಒಂದು ಸಂಜೆಯಲ್ಲಿ ಮುಗಿಯಿತು. ಗುಡುಗಿಲ್ಲದ ದಿನವನ್ನೇ ಆರಿಸಿದ್ದೆವು. ನಕಲಿನ ದಿನ ಬಿಟ್ಟು ಎರಡೂ ಡ್ರೈವ್ ಒಂದೇ ಹೊತ್ತಿಗೆ ತಂತಿಗೆ ತಾಗಬಾರದು ಎಂಬುದು ಮನೆಯ ನಿಯಮ. ಕರಾವಳಿಯ ಸಿಡಿಲು ಎರಡನ್ನೂ ಒಂದೇ ಏಟಿಗೆ ಒಯ್ಯಬಲ್ಲದು.

ಒಂದು ಡ್ರೈವ್ ಮಾವನ ಗೋಡ್ರೇಜ್ ಬೀರುವಿನಲ್ಲಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ. ಇನ್ನೊಂದು ನನ್ನ ಬಟ್ಟೆಗಳ ನಡುವೆ ಸುತ್ತಿಕೊಂಡು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂತು. ಪ್ರತಿ ಪತ್ತನಾಜೆಗೆ ನಾನು ಊರಿಗೆ ಹೋಗುವುದು, ಆ ವರ್ಷದ್ದನ್ನು ಸೇರಿಸಿ ಎರಡನ್ನೂ ಸಮ ಮಾಡಿಕೊಳ್ಳುವುದು, ಅಲ್ಲಿದ್ದದ್ದು ಇಲ್ಲಿಗೆ, ಇಲ್ಲಿದ್ದದ್ದು ಅಲ್ಲಿಗೆ. ಮಾವ ಡ್ರೈವ್ ಬಳಸುವಾಗ ಅದನ್ನು ಮೇಜಿನ ಮೇಲೆ ಇಡುವುದಿಲ್ಲ. ಗೋಡೆಯ ಬದಿಯ ಮಣೆಯ ಮೇಲೆ, ಕೇಬಲ್ಲನ್ನು ಮೇಜಿನ ಕಾಲಿಗೆ ದಾರದಲ್ಲಿ ಕಟ್ಟಿ.

ಎರಡು ತಿರುಗಾಟದ ನಂತರ

2024ರ ನವೆಂಬರಿನಲ್ಲಿ ಒಂದು ರಾತ್ರಿ ಮಾವನ ಫೋನು, ದನಿ ನಡುಗುತ್ತಿತ್ತು. ಕಾಪಿ ಮಾಡುವಾಗ ಡ್ರೈವ್ ಮಾಯವಾಗುತ್ತದೆ, ಮತ್ತೆ ಬರುತ್ತದೆ. ಸಿ5 ಓದಲು ಹೇಳಿದೆ: ಸೊನ್ನೆ. 05: ಸೊನ್ನೆ. ಟಕ್ ಟಕ್ ಶಬ್ದ ಇಲ್ಲ. ಈ ಡ್ರೈವ್‌ಗಳ ಅಗಲ ಚಪ್ಪಟೆ ಮೈಕ್ರೋ-ಬಿ ಪ್ಲಗ್ಗು ಸಡಿಲಾಗುವುದು ಸಾಮಾನ್ಯ. ಪೇಟೆಯಿಂದ ಹೊಸ ಗಿಡ್ಡ ಕೇಬಲ್ ತಂದು ಹಾಕಿದರು, ಸರಿಯಾಯಿತು. ಆ ರಾತ್ರಿ ಅವರ ಭಯ ಬೇಗ ಇಳಿದದ್ದು ಸೊನ್ನೆಗಳಿಂದಲ್ಲ, "ನನ್ನ ಹತ್ತಿರ ಇನ್ನೊಂದಿದೆ ಮಾವ" ಎಂಬ ಮಾತಿನಿಂದ.

2025ರ ಪತ್ತನಾಜೆಗೆ ಡ್ರೈವಿನಲ್ಲಿ ತುಂಬಿದ್ದದ್ದು 2.6 ಟಿಬಿ. ಜಗಲಿಯ ಲೆಕ್ಕ ಹೆಚ್ಚುಕಡಿಮೆ ಹಾಗೆಯೇ ನಡೆದಿದೆ. ಬಳೆ ಡಬ್ಬಿಯ ಕಾರ್ಡುಗಳು ಮತ್ತೆ ಕ್ಯಾಮೆರಾಕ್ಕೆ ಬಂದಿವೆ, ಒಂದು ನಿಯಮದೊಂದಿಗೆ: ಬೆಂಗಳೂರಿನ ಡ್ರೈವಿಗೂ ಸೇರುವ ತನಕ ಕಾರ್ಡ್ ಅಳಿಸುವಂತಿಲ್ಲ.

ಆ ಸಲ ಮಾವ ನೋಟ್‌ಬುಕ್ಕಿನ ಒಂದು ಪುಟ ತೋರಿಸಿದರು. 17, 18, 41 ನಂಬರಿನ ಟೇಪುಗಳ ಹಳೆಯ ಸಾಲುಗಳನ್ನು 2019ರಲ್ಲಿ ಅವರೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದರು. 41ರ ಪಕ್ಕ ಈಗ ಹೊಸದಾಗಿ ಏನೋ ಬರೆದಿತ್ತು. ಪಕ್ಕದ ಊರಿನವರೊಬ್ಬರ ಅಟ್ಟದಲ್ಲಿ ಅದೇ ಕೂಟದ ಕ್ಯಾಸೆಟ್ ಸಿಕ್ಕಿತಂತೆ, ಆ ರಾತ್ರಿ ಅವರೂ ಮುಂದಿನ ಸಾಲಿನಲ್ಲಿ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದವರು. ಚಿತ್ರ ಇಲ್ಲ, ಮಾತು ಮಾತ್ರ. ಒಂದು ಬದಿಯ ಕೊನೆಯ ಐದು ನಿಮಿಷ ರೀಲು ಸುಕ್ಕಾಗಿ ಕೇಳಿಸುವುದಿಲ್ಲ. ಒಂದೂವರೆ ಗಂಟೆಯ ಕ್ಯಾಸೆಟ್, ಒಂದೂವರೆ ಜಿಬಿ. ಮದ್ದಳೆಯ ಶ್ರುತಿ ಕೂಡಿಸುವ ಸದ್ದು, ಯಾರೋ ಕೆಮ್ಮಿದ್ದು, ಆಮೇಲೆ ಆ ಹಿರಿಯರ ಪೀಠಿಕೆ. ಕಾಪಿ ಮುಗಿಯುವ ತನಕ ಇಬ್ಬರೂ ಎದ್ದೇಳಲಿಲ್ಲ. ಮೊದಲು ಒಂದು ಡ್ರೈವಿಗೆ ಹಾಕಿದೆವು, ತಾಳೆ ನೋಡಿದೆವು, ಅದನ್ನು ಕಳಚಿ ಇನ್ನೊಂದು ಸಿಕ್ಕಿಸಿದೆವು.